ಪೆಂಟಿಯಂ ಜಿ4560 ಅಥವಾ ರೈಜೆನ್ 3 2200ಜಿ: ಹಳೆಯ ಕಂಪ್ಯೂಟರ್ ಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಕಂಪ್ಯೂಟರ್ ಜೋಡಿಸಿ, ರಿಪೇರಿ ಮಾಡಿ ಬದುಕುತ್ತಿರುವ ನನಗೆ ತೀರ್ಥಹಳ್ಳಿ, ಸಾಗರ, ಹೊಸನಗರ, ಕೊಪ್ಪದ ಕಡೆಯಿಂದ ಬರುವ ಫೋನುಗಳಲ್ಲಿಯೂ ಪತ್ರಗಳಲ್ಲಿಯೂ ಎರಡು ಹೆಸರುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಒಂದು ಇಂಟೆಲ್ ಕಂಪನಿಯ ಪೆಂಟಿಯಂ ಜಿ4560, ಇನ್ನೊಂದು ಎಎಂಡಿ ಕಂಪನಿಯ ರೈಜೆನ್ 3 2200ಜಿ. ಎರಡೂ ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವ ಪ್ರೊಸೆಸರ್ ಚಿಪ್‌ಗಳು. ಎರಡೂ ಈಗ ಹಳೆಯವು, ಹೆಚ್ಚಾಗಿ ಸೆಕೆಂಡ್‌ಹ್ಯಾಂಡ್ ಆಗಿಯೇ ಕೈಗೆ ಬರುತ್ತವೆ. ಕೇಳಿದವರ ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡು, ಸುಲಭದ ಪ್ರಶ್ನೆಗಳನ್ನು ಮೊದಲಿಗೂ ತಿಳಿದವರು ಕೇಳುವಂಥವನ್ನು ಕೊನೆಗೂ ಇಟ್ಟು ಇಲ್ಲಿ ಉತ್ತರಿಸಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಎಷ್ಟೋ ಪ್ರೊಸೆಸರ್ ಇವೆಯಲ್ಲ, ಎಂತಕ್ಕೆ ಇವೆರಡನ್ನೇ ಹೋಲಿಸ್ತೀರಿ?

ಕಡಿಮೆ ಬೆಲೆಯ ಡೆಸ್ಕ್‌ಟಾಪ್ ಎಂದರೆ ಏನು ಎಂಬ ಕಲ್ಪನೆಯನ್ನು ಈ ಎರಡೂ ಒಂದರ ಹಿಂದೆ ಒಂದರಂತೆ ಬದಲಾಯಿಸಿದವು. ಜಿ4560 ಬಂದದ್ದು 2017ರ ಜನವರಿಯಲ್ಲಿ, 64 ಡಾಲರ್ ಬೆಲೆಗೆ. ಅದಕ್ಕೂ ಹಿಂದಿನ ಕೆಲವು ತಲೆಮಾರುಗಳ ಡೆಸ್ಕ್‌ಟಾಪ್ ಪೆಂಟಿಯಂಗಳಲ್ಲಿ ಎರಡು ಕೋರ್ (ದುಡಿಯುವ ಘಟಕ), ಎರಡೇ ಥ್ರೆಡ್ (ಏಕಕಾಲಕ್ಕೆ ಕೈಗೆತ್ತಿಕೊಳ್ಳಬಹುದಾದ ಕೆಲಸ) ಇರುತ್ತಿದ್ದವು. ಇದರಲ್ಲಿ ಒಂದೊಂದು ಕೋರಿಗೂ ಎರಡು ಥ್ರೆಡ್ ಒದಗಿಸುವ ಹೈಪರ್‌ಥ್ರೆಡಿಂಗ್ ಕೊಟ್ಟಿದ್ದರಿಂದ ಎರಡು ಕೋರ್, ನಾಲ್ಕು ಥ್ರೆಡ್ ಆದವು. ಆಗ 117 ಡಾಲರ್ ಇದ್ದ ಕೋರ್ ಐ3 7100 ಮಾಡುವ ಬಹುಪಾಲು ಕೆಲಸವನ್ನು ಇದು ಹೆಚ್ಚು ಕಡಿಮೆ ಅರ್ಧ ಬೆಲೆಗೆ ಮಾಡತೊಡಗಿತು. ಒಂದು ವರ್ಷದ ಬಳಿಕ, 2018ರ ಫೆಬ್ರವರಿಯಲ್ಲಿ, 99 ಡಾಲರ್‌ಗೆ 2200ಜಿ ಬಂದಿತು. ಅದರಲ್ಲಿ ನಾಲ್ಕು ನಿಜವಾದ ಕೋರ್‌ಗಳ ಜೊತೆಗೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆಯೂ ಆಟ ಆಡಬಹುದಾದ ವೇಗಾ 8 ಗ್ರಾಫಿಕ್ಸ್ ಇತ್ತು. ಆ ಎರಡು ವರ್ಷಗಳಲ್ಲಿ ನಮ್ಮ ಕಡೆ ಜೋಡಿಸಿದ ಅಗ್ಗದ ಪೆಟ್ಟಿಗೆಗಳಲ್ಲಿ ಬಹಳಷ್ಟು ಇವೆರಡರ ಮೇಲೆಯೇ ನಿಂತಿದ್ದವು. ಈಗ ಅವೇ ಕೈ ಬದಲಾಯಿಸುತ್ತಿವೆ.

ಸುತ್ತಿ ಬಳಸಿ ಬೇಡ ಸಾರ್, ಯಾವುದು ತಗೊಳ್ಳಲಿ ಅಂತ ಹೇಳಿಬಿಡಿ.

ಕೆಲಸ ಮಾಡುವ ಮದರ್‌ಬೋರ್ಡಿನ (ಬಿಡಿಭಾಗಗಳನ್ನೆಲ್ಲ ಜೋಡಿಸುವ ಮೂಲ ಹಲಗೆ) ಜೊತೆಗೆ 2200ಜಿ ಸಿಗುವುದಾದರೆ ಅದನ್ನೇ ಕೊಳ್ಳಿ. ಜಿ4560 ಇರುವ ಪೂರ್ತಿ ಕಂಪ್ಯೂಟರಿಗೆ ಅದರ ಅರ್ಧಕ್ಕಿಂತ ಕಡಿಮೆ ಹಣ ಕೇಳುತ್ತಿದ್ದರೆ, ನಿಮ್ಮ ಕೆಲಸ ಬರವಣಿಗೆ ಮತ್ತು ಇಂಟರ್ನೆಟ್ಟಿಗೆ ಸೀಮಿತವಾಗಿದ್ದರೆ, ಜಿ4560 ತೆಗೆದುಕೊಂಡು ಉಳಿದ ಹಣವನ್ನು ಕಡತಗಳನ್ನಿಡುವ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿಗೆ ಹಾಕಿ.

ಎರಡರಲ್ಲೂ 3.5 ಗಿಗಾಹರ್ಟ್ಸ್ ಅಂತ ಬರೆದಿದೆ, ಎರಡಕ್ಕೂ ನಾಲ್ಕು ಥ್ರೆಡ್. ಮತ್ತೆ ವ್ಯತ್ಯಾಸ ಎಲ್ಲಿಂದ ಬಂತು?

ಇದು ನನಗೆ ಬಂದಿರುವ ಪ್ರಶ್ನೆಗಳಲ್ಲಿ ಅತ್ಯಂತ ನ್ಯಾಯವಾದದ್ದು, ಏಕೆಂದರೆ ಕಾಗದದ ಮೇಲೆ ಎರಡೂ ಅವಳಿಗಳಂತೆಯೇ ಕಾಣುತ್ತವೆ. ಅಡಿಕೆ ಸುಲಿಯುವ ಚಪ್ಪರವನ್ನು ನೆನಪಿಸಿಕೊಳ್ಳಿ. ಜಿ4560ರಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತವರು ಇಬ್ಬರೇ, ಆದರೆ ಒಬ್ಬೊಬ್ಬರ ಪಕ್ಕದಲ್ಲಿಯೂ ಎರಡೆರಡು ಬುಟ್ಟಿಗಳಿವೆ. ಒಂದು ಬುಟ್ಟಿ ಬರಿದಾಗಿ ಮತ್ತೆ ತುಂಬುವ ತನಕ ಕೈ ಕಟ್ಟಿ ಕೂರುವ ಬದಲು ಇನ್ನೊಂದರಿಂದ ಕೈಗೆತ್ತಿಕೊಳ್ಳಬಹುದು, ಹೀಗಾಗಿ ಸಮಯ ಉಳಿಯುತ್ತದೆ. 2200ಜಿಯಲ್ಲಿ ಒಂದೊಂದು ಬುಟ್ಟಿಯನ್ನಿಟ್ಟುಕೊಂಡು ನಾಲ್ಕು ಮಂದಿಯೇ ಕುಳಿತಿದ್ದಾರೆ. ಹೈಪರ್‌ಥ್ರೆಡಿಂಗ್ ಎಂದರೆ ಆ ಎರಡನೆಯ ಬುಟ್ಟಿ; ಅದರಿಂದ ಸಿಗುವ ಲಾಭ ಕೆಲಸವನ್ನು ನೋಡಿಕೊಂಡು ಹೆಚ್ಚು ಕಡಿಮೆ ಕಾಲು ಭಾಗದಷ್ಟಿರುತ್ತದೆ, ಇಮ್ಮಡಿಯಾಗುವುದಿಲ್ಲ.

ಒಬ್ಬೊಬ್ಬರ ಕೈವೇಗ ಮಾತ್ರ ಎರಡರಲ್ಲಿಯೂ ಹತ್ತಿರ ಹತ್ತಿರವೇ ಇದೆ. ಸಿನೆಬೆಂಚ್ ಆರ್15 ಎಂಬ ಪರೀಕ್ಷೆಯಲ್ಲಿ ಒಂದೇ ಕೋರಿನ ಅಂಕಗಳು ಕೂದಲೆಳೆಯ ಅಂತರದಲ್ಲಿ ಬರುತ್ತವೆ; ಎಲ್ಲ ಕೋರ್‌ಗಳನ್ನೂ ದುಡಿಸಿದಾಗ 2200ಜಿ ಸುಮಾರು ಒಂದೂವರೆ ಪಟ್ಟು ಮುಂದಿರುತ್ತದೆ. ಆದ್ದರಿಂದ ಒಂದೇ ಕೆಲಸವನ್ನು ತೆರೆದು ಕೂರುವವರಿಗೆ ಎರಡೂ ಒಂದೇ ಎನ್ನಿಸಿದರೆ ಅದು ಭ್ರಮೆಯಲ್ಲ. ಬ್ರೌಸರಿನಲ್ಲಿ ಹತ್ತು ಪುಟ ತೆರೆದಿಟ್ಟು, ಹಿಂದೆ ವಿಂಡೋಸ್ ಅಪ್‌ಡೇಟ್ ಇಳಿಯುತ್ತಿರುವಾಗ, ಆಂಟಿವೈರಸ್ ತನ್ನ ಪಾಡಿಗೆ ಡಿಸ್ಕನ್ನು ಜಾಲಾಡುತ್ತಿರುವಾಗ ಅಂತರ ಕಣ್ಣಿಗೆ ಬೀಳುತ್ತದೆ. 2200ಜಿಗೆ ಅಗತ್ಯ ಬಿದ್ದಾಗ 3.7 ಗಿಗಾಹರ್ಟ್ಸ್ ತನಕ ಏರುವ ಶಕ್ತಿಯಿದೆ, ಜಿ4560 ತನ್ನ 3.5ರ ಮೇಲೆ ಏರುವುದಿಲ್ಲ. ಆದರೆ ಈ ವ್ಯತ್ಯಾಸ ಚಿಕ್ಕದು.

ಇರುವ ಹಣದಲ್ಲಿ ಒಂದೇ ಕೆಲಸ ಆಗೋದು. ಪ್ರೊಸೆಸರ್ ಬದಲಿಸಲೋ, ಎಸ್‌ಎಸ್‌ಡಿ ಹಾಕಿಸಲೋ?

ಎಸ್‌ಎಸ್‌ಡಿ ಹಾಕಿಸಿ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇರುವ 2200ಜಿಗಿಂತ ಎಸ್‌ಎಸ್‌ಡಿ ಇರುವ ಜಿ4560 ದಿನನಿತ್ಯದ ಬಳಕೆಯಲ್ಲಿ ಚುರುಕಾಗಿರುತ್ತದೆ, ಈ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ. ತಿರುಗುವ ಡಿಸ್ಕಿನಲ್ಲಿ ಓದುವ ಮುಳ್ಳು ಒಂದು ಜಾಗದಿಂದ ಇನ್ನೊಂದಕ್ಕೆ ಸರಿಯಲು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ವಿಂಡೋಸ್ ಏಳುವಾಗ ಇಂಥ ಸರಿದಾಟಗಳು ಸಾವಿರಾರು. ಅಷ್ಟು ಹೊತ್ತೂ ಪ್ರೊಸೆಸರ್ ಯಾವುದೇ ಇರಲಿ, ಸುಮ್ಮನೆ ಕಾಯುತ್ತಿರುತ್ತದೆ. ಸಾಟಾ ಕೇಬಲ್ಲಿನ ಸಾಮಾನ್ಯ ಎಸ್‌ಎಸ್‌ಡಿ ಸಾಕು. ಜಿ4560 ಕೂರುವ ಎಚ್110 ಎಂಬ ಬಗೆಯ ಬೋರ್ಡುಗಳಲ್ಲಿ, ಕಡ್ಡಿಯಂಥ ಎನ್‌ವಿಎಂಇ ಎಸ್‌ಎಸ್‌ಡಿ ಚುಚ್ಚುವ ಎಂ.2 ಕಿಂಡಿ ಹಲವು ಬಾರಿ ಇರುವುದೇ ಇಲ್ಲವಾದ್ದರಿಂದ, ಎನ್‌ವಿಎಂಇ ಕೊಂಡು ತಂದು ಎಲ್ಲಿ ಚುಚ್ಚುವುದೆಂದು ಹುಡುಕುವ ಫಜೀತಿ ಬೇಡ.

## ಯಾವ ಕೆಲಸಕ್ಕೆ ಯಾವುದು

ಅಡಿಕೆ ಮಂಡಿ ಲೆಕ್ಕಕ್ಕೆ ಟ್ಯಾಲಿ ಒಂದಿದ್ರೆ ಸಾಕು ಮಾರಾಯ್ರೆ. ಅದಕ್ಕೆ ನಾಲ್ಕು ಕೋರ್ ಬೇಕಾ?

ಬೇಡ. ಜಿ4560, 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇದ್ದರೆ ಮಂಡಿಯ ಲೆಕ್ಕ ನಿರಾತಂಕವಾಗಿ ನಡೆಯುತ್ತದೆ. ಉಳಿದ ದುಡ್ಡಿನಲ್ಲಿ ಒಂದು ಪೆನ್‌ಡ್ರೈವ್ ಕೊಂಡು ದಿನವೂ ಬ್ಯಾಕಪ್ ತೆಗೆದಿಡಿ.

ನಮ್ಮದು ಗ್ರಾಮ ಒನ್ ಕೇಂದ್ರ. ಸ್ಕ್ಯಾನರ್, ಪ್ರಿಂಟರ್, ಬೆರಳಚ್ಚು ಯಂತ್ರ ಎಲ್ಲ ಒಟ್ಟಿಗೆ ನಡೀಬೇಕು. ಜನ ಕ್ಯೂ ನಿಂತಿರ್ತಾರೆ.

ಇಲ್ಲಿ ನಾನು 2200ಜಿಯ ಕಡೆಗೆ ವಾಲುತ್ತೇನೆ. ಇಂಥ ಕೇಂದ್ರದಲ್ಲಿ ಒಂದೊಂದು ತಂತ್ರಾಂಶವೂ ಹಗುರವೇ ಆದರೂ ಎಲ್ಲವೂ ಏಕಕಾಲಕ್ಕೆ ತೆರೆದಿರುತ್ತವೆ. ಒಬ್ಬರ ಪಹಣಿಯ ಪುಟ ತೆರೆದಿದೆ, ಇನ್ನೊಬ್ಬರ ಅರ್ಜಿಗೆ ದಾಖಲೆ ಸ್ಕ್ಯಾನ್ ಆಗುತ್ತಿದೆ, ಪಿಡಿಎಫ್ ಗಾತ್ರ ಇಳಿಸಬೇಕಾಗಿದೆ, ಬೆರಳಚ್ಚಿನ ಸೇವೆ ಹಿನ್ನೆಲೆಯಲ್ಲಿ ಓಡುತ್ತಲೇ ಇದೆ. ಜಿ4560 ಇದನ್ನೆಲ್ಲ ಮಾಡುತ್ತದೆ, ಆದರೆ ಅಲ್ಲಲ್ಲಿ ಅರೆಕ್ಷಣ ತಡವರಿಸುತ್ತದೆ. ಮನೆಯಲ್ಲಿ ಒಬ್ಬರೇ ಕುಳಿತಾಗ ಗಮನಕ್ಕೂ ಬಾರದ ಆ ಅರೆಕ್ಷಣ, ಎದುರಿಗೆ ಇಪ್ಪತ್ತು ಮಂದಿ ನಿಂತಿರುವಾಗ ಬಹಳ ಉದ್ದವಾಗಿ ಕಾಣುತ್ತದೆ. ಸರ್ವರ್ ನಿಧಾನವಾಗಿದ್ದರೆ ಮಾತ್ರ ಎರಡು ಪ್ರೊಸೆಸರ್‌ಗಳೂ ಅಷ್ಟೇ ಅಸಹಾಯಕ.

ಮದುವೆ ಕಾರ್ಡ್ ಡಿಟಿಪಿ ಮಾಡ್ತೇವೆ, ಕೋರೆಲ್‌ಡ್ರಾ, ಫೋಟೊಶಾಪ್, ನುಡಿ. ಹಳೇ ಪೆಂಟಿಯಂ ತಡೆಯುತ್ತಾ?

ಹಳೆಯ ಆವೃತ್ತಿಯ ತಂತ್ರಾಂಶಗಳಲ್ಲಿ ಕಾರ್ಡು, ಕರಪತ್ರ ಮಾಡುವುದಕ್ಕೆ ತಡೆಯುತ್ತದೆ. ಫ್ಲೆಕ್ಸ್ ಬ್ಯಾನರಿನ ದೊಡ್ಡ ಕಡತ ತೆರೆದು ಫಿಲ್ಟರ್ ಹಾಕಿದಾಗ ಅದರ ದಮ್ಮು ಕಟ್ಟುತ್ತದೆ. ಅಂಥ ಕೆಲಸ ವಾರಕ್ಕೆ ಒಂದೆರಡು ಬಾರಿ ಬರುವುದಾದರೆ ಸಹಿಸಿಕೊಳ್ಳಬಹುದು. ದಿನವೂ ಬರುವುದಾದರೆ 2200ಜಿ ಮತ್ತು 16 ಜಿಬಿ ರ‍್ಯಾಮ್ ಇರಲಿ. ನುಡಿ, ಬರಹದಂಥ ಟೈಪಿಂಗ್ ತಂತ್ರಾಂಶಗಳು ಯಾವ ಪ್ರೊಸೆಸರಿಗೂ ಭಾರವಲ್ಲ.

ಮದುವೆ ವಿಡಿಯೊ ಎಡಿಟಿಂಗ್?

ಜಿ4560ರಲ್ಲಿ ಬೇಡ. 2200ಜಿಯಲ್ಲಿ 1080ಪಿ ವಿಡಿಯೊ ಕತ್ತರಿಸಿ ಜೋಡಿಸಬಹುದು, ಆದರೆ ಅದನ್ನೇ ಹೊಟ್ಟೆಪಾಡಿನ ಕಸುಬು ಮಾಡಿಕೊಂಡವರು ಈ ಎರಡನ್ನೂ ಬಿಟ್ಟು ಕನಿಷ್ಠ ಆರು ಕೋರ್ ಇರುವ ಪ್ರೊಸೆಸರ್ ಹುಡುಕುವುದೇ ಒಳ್ಳೆಯದು. ವಿಡಿಯೊ ನೋಡುವ ಮಾತಾದರೆ ಚಿಂತೆಯಿಲ್ಲ: ಎಚ್‌ಇವಿಸಿ ಮತ್ತು ವಿಪಿ9 ಎಂಬ ಬಗೆಗಳಲ್ಲಿ ಕುಗ್ಗಿಸಿದ ವಿಡಿಯೊಗಳನ್ನು ಬಿಡಿಸುವ ವ್ಯವಸ್ಥೆ ಎರಡರ ಗ್ರಾಫಿಕ್ಸ್‌ನಲ್ಲಿಯೂ ಇದೆ. ಹೊಸದಾದ ಎವಿ1 ಮಾತ್ರ ಎರಡಕ್ಕೂ ಬಾರದು, ಅದನ್ನು ಕೋರ್‌ಗಳೇ ಏದುಸಿರು ಬಿಡುತ್ತ ಬಿಡಿಸಬೇಕು.

ಮಗ ಗೇಮ್ ಆಡ್ಬೇಕು ಅಂತಾನೆ. ಗ್ರಾಫಿಕ್ಸ್ ಕಾರ್ಡ್ ಕೊಡಿಸೋ ಶಕ್ತಿ ಇಲ್ಲ.

ಹಾಗಿದ್ದರೆ ಹೋಲಿಕೆಯೇ ಇಲ್ಲ, 2200ಜಿ. ಅದರ ವೇಗಾ 8ರಲ್ಲಿ ಚಿತ್ರದ ಲೆಕ್ಕ ಮಾಡುವ 512 ಶೇಡರ್ ಘಟಕಗಳಿವೆ, ಅವು ಓಡುವ ವೇಗ 1100 ಮೆಗಾಹರ್ಟ್ಸ್. ಜಿ4560ರ ಎಚ್‌ಡಿ 610 ಚಿತ್ರ ತೋರಿಸುವುದಕ್ಕೆಂದೇ ಇಟ್ಟಿರುವಂಥದ್ದು. ಅದರಲ್ಲಿ ಹಳೆಯ ಸಣ್ಣಪುಟ್ಟ ಆಟಗಳು ನಡೆದಾವು, ಅಷ್ಟೇ.

ಒಂದು ಷರತ್ತು ಇದೆ. ವೇಗಾ 8ಕ್ಕೆ ಸ್ವಂತ ಮೆಮೊರಿ ಇಲ್ಲ, ಅದು ಕಂಪ್ಯೂಟರಿನ ರ‍್ಯಾಮನ್ನೇ ಬಳಸುತ್ತದೆ. ಆದ್ದರಿಂದ 8 ಜಿಬಿಯ ಒಂದೇ ಕಡ್ಡಿಯ ಬದಲು 4 ಜಿಬಿಯ ಎರಡು ಕಡ್ಡಿಗಳನ್ನು ಹಾಕಿದರೆ ರ‍್ಯಾಮಿನ ದಾರಿ ಇಮ್ಮಡಿ ಅಗಲವಾಗಿ, ಆಟದ ವೇಗ ಎದ್ದು ಕಾಣುವಂತೆ ಹೆಚ್ಚುತ್ತದೆ. ಸಾಗರದಿಂದ ಬಂದ ಹುಡುಗನೊಬ್ಬ ತನ್ನ 2200ಜಿ ಮೋಸದ್ದಿರಬೇಕೆಂದು ಪೆಟ್ಟಿಗೆಯನ್ನೇ ಹೊತ್ತು ತಂದಿದ್ದ. ಬಿಚ್ಚಿ ನೋಡಿದರೆ ಒಂಟಿ ಕಡ್ಡಿ. ಡ್ರಾಯರಿನಲ್ಲಿ ಬಿದ್ದಿದ್ದ ಅದೇ ವೇಗದ ಇನ್ನೊಂದನ್ನು ಚುಚ್ಚಿ ಅವನ ಆಟವನ್ನು ಅವನಿಂದಲೇ ಆಡಿಸಿದೆ. ಎರಡು ನಿಮಿಷ ಏನೂ ಮಾತನಾಡದೆ ಆಡಿ, ಆ ಕಡ್ಡಿಯ ಬೆಲೆ ಎಷ್ಟೆಂದು ಕೇಳಿದ. ಈ ಪ್ರೊಸೆಸರಿಗೆ 2933ರ ವೇಗದ ತನಕದ ಡಿಡಿಆರ್4 ರ‍್ಯಾಮನ್ನು ಕಂಪನಿಯೇ ಒಪ್ಪಿದೆ. ಜಿ4560ಕ್ಕೆ ಆ ಮಿತಿ 2400.

ಹಾಗಾದ್ರೆ ಜಿ4560ಕ್ಕೆ ಜಿಟಿ 1030 ಕಾರ್ಡ್ ಹಾಕಿದ್ರೆ ಸಮ ಆಗಲ್ವಾ?

ಗ್ರಾಫಿಕ್ಸ್‌ನಲ್ಲಿ ಸಮ ಸಮ ಬರುತ್ತದೆ, ಆದರೆ ಕಾರ್ಡ್ ಯಾವ ಬಗೆಯದ್ದೆಂದು ನೋಡಬೇಕು. ಜಿಟಿ 1030 ಎಂಬ ಒಂದೇ ಹೆಸರಿನಲ್ಲಿ ಎರಡು ಕಾರ್ಡ್‌ಗಳಿವೆ. ಜಿಡಿಡಿಆರ್5 ಮೆಮೊರಿಯದ್ದು ವೇಗಾ 8ಕ್ಕೆ ಸಮನಾಗಿ ಅಥವಾ ತುಸು ಮುಂದೆ ಓಡುತ್ತದೆ; 2018ರಲ್ಲಿ ಬಂದ ಡಿಡಿಆರ್4 ಮೆಮೊರಿಯದ್ದು ಬಹಳ ಹಿಂದೆ ಬೀಳುತ್ತದೆ. ಪೆಟ್ಟಿಗೆಯ ಮೇಲೆ ಆ ಒಂದು ಪದವನ್ನು ಓದದೆ ದುಡ್ಡು ಕೊಡಬೇಡಿ. ಕಾರ್ಡಿನ ಬೆಲೆ ಸೇರಿಸಿದ ಮೇಲೆ ಪೆಂಟಿಯಂ ಅಗ್ಗವಾಗಿಯೇ ಉಳಿಯುತ್ತದೆಯೇ ಎಂದೂ ಲೆಕ್ಕ ಹಾಕಿ.

8 ಜಿಬಿ ಹಾಕಿಸಿದ್ದೇನೆ, 5.9 ಮಾತ್ರ ತೋರಿಸ್ತಿದೆ. ಅಂಗಡಿಯವರು ಮೋಸ ಮಾಡಿದ್ರಾ?

ಇಲ್ಲ. 2200ಜಿ ಇರುವ ಕೆಲವು ಬೋರ್ಡುಗಳು 2 ಜಿಬಿಯನ್ನು ಗ್ರಾಫಿಕ್ಸ್‌ಗೆಂದು ಮೊದಲೇ ಎತ್ತಿಡುತ್ತವೆ. ಬಯೋಸ್‌ನೊಳಗೆ (ಕಂಪ್ಯೂಟರ್ ಹಾಕಿದ ಕೂಡಲೇ ಓಡುವ ಬೋರ್ಡಿನ ಮೂಲ ತಂತ್ರಾಂಶ) ಆ ಗಾತ್ರವನ್ನು 512 ಎಂಬಿಗೆ ಇಳಿಸಿದರೆ ಉಳಿದದ್ದು ವಿಂಡೋಸ್‌ಗೆ ಮರಳುತ್ತದೆ. ಆಟಕ್ಕೆ ಬೇಕಾದಾಗ ಗ್ರಾಫಿಕ್ಸ್ ತಾನೇ ಹೆಚ್ಚಿನದನ್ನು ಕೇಳಿ ಪಡೆಯುತ್ತದೆ.

## ಕರೆಂಟು, ಮಳೆ, ದೂಳು

54 ವ್ಯಾಟ್, 65 ವ್ಯಾಟ್ ಅಂತಾರೆ. ಕರೆಂಟ್ ಬಿಲ್ ಎಷ್ಟು ಹೆಚ್ಚಾಗುತ್ತೆ? ಯುಪಿಎಸ್ ಎಷ್ಟು ಹೊತ್ತು ಬರುತ್ತೆ?

ಜಿ4560ರ 54, 2200ಜಿಯ 65 ಎಂಬ ಆ ಅಂಕಿಗಳು ನೇರವಾಗಿ ಕರೆಂಟಿನ ಲೆಕ್ಕವಲ್ಲ. ಕೂಲರ್ ಎಷ್ಟು ಶಾಖವನ್ನು ಹೊರಹಾಕಲು ಶಕ್ತವಾಗಿರಬೇಕು ಎಂಬ ಅಳತೆ. ಆದರೂ ಅವನ್ನೇ ಹಿಡಿದು ಲೆಕ್ಕ ಹಾಕೋಣ: ಅಂತರ 11 ವ್ಯಾಟ್. ದಿನಕ್ಕೆ ಎಂಟು ಗಂಟೆ ಪೂರ್ತಿ ಹೊರೆಯಲ್ಲಿಯೇ ಓಡಿಸಿದರೂ ತಿಂಗಳಿಗೆ ಸುಮಾರು 2.6 ಯೂನಿಟ್ ಆಗುತ್ತದೆ. ಟೈಪಿಂಗ್, ಇಂಟರ್ನೆಟ್ ಮಾಡುವಾಗ ಎರಡೂ ಬಹಳ ಕಡಿಮೆ ಎಳೆಯುವುದರಿಂದ ನಿಜವಾದ ಅಂತರ ಇನ್ನೂ ಚಿಕ್ಕದು. ಮೆಸ್ಕಾಂ ಬಿಲ್ಲನ್ನು ನೋಡಿ ಇವುಗಳ ನಡುವೆ ಆಯ್ಕೆ ಮಾಡುವ ಅಗತ್ಯವಿಲ್ಲ.

ಯುಪಿಎಸ್ ಮಾತು ಬೇರೆ. ಸಾಮಾನ್ಯವಾಗಿ ಮನೆಗಳಲ್ಲಿರುವ 600 ವಿಎ ಯುಪಿಎಸ್‌ನೊಳಗೆ 12 ವೋಲ್ಟ್, 7 ಆಂಪಿಯರ್ ಅವರ್‌ನ ಒಂದೇ ಬ್ಯಾಟರಿ ಇರುತ್ತದೆ, ಅಂದರೆ 84 ವ್ಯಾಟ್ ಗಂಟೆ. ಮಾನಿಟರ್ ಸೇರಿ 60 ವ್ಯಾಟ್ ಎಳೆದರೆ ಕಾಗದದ ಮೇಲೆ ಒಂದು ಗಂಟೆಗೂ ಮೇಲೆ ಬರಬೇಕು. ಪರಿವರ್ತನೆಯ ನಷ್ಟ, ಬ್ಯಾಟರಿಯ ವಯಸ್ಸು ಎಲ್ಲ ಕಳೆದು ಅರ್ಧ ಗಂಟೆ ಬಂದರೆ ಪುಣ್ಯ. ಮನೆಯ ಇನ್ವರ್ಟರಿಗೆ ಜೋಡಿಸುವವರು ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ತಳ್ಳಿ. ಇಲ್ಲದಿದ್ದರೆ ಕರೆಂಟ್ ಹೋದ ಆ ಕ್ಷಣದಲ್ಲಿ ಯಾವ ಪ್ರೊಸೆಸರ್ ಆದರೂ ರೀಸ್ಟಾರ್ಟ್ ಆಗುತ್ತದೆ.

ಮಳೆಗಾಲದಲ್ಲಿ ತಿಂಗಳುಗಟ್ಟಲೆ ಹಾಕದೆ ಇಟ್ಟಿದ್ದೆ, ಈಗ ಡಿಸ್ಪ್ಲೇ ಬರ್ತಿಲ್ಲ. ಪ್ರೊಸೆಸರ್ ಹೋಯ್ತಾ?

ಪ್ರೊಸೆಸರ್ ಹಾಗೆ ಸುಲಭಕ್ಕೆ ಹೋಗುವುದಿಲ್ಲ. ಆಗುಂಬೆಯ ಸುತ್ತಮುತ್ತ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವಾಗ ಮೊದಲು ಕೈಕೊಡುವುದು ರ‍್ಯಾಮಿನ ಹೊಂಬಣ್ಣದ ಅಂಚು. ಪ್ಲಗ್ ಕಿತ್ತು, ಕಡ್ಡಿಗಳನ್ನು ಹೊರತೆಗೆದು, ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಆ ಅಂಚನ್ನು ಮೃದುವಾಗಿ ಉಜ್ಜಿ, ಚೂರುಗಳನ್ನು ಊದಿ ಮತ್ತೆ ಕೂರಿಸಿ. ಇಂಥ ಹಲವು ದೂರುಗಳು ಅಲ್ಲಿಗೇ ಮುಗಿಯುತ್ತವೆ. ಮುಂದಿನ ಮಳೆಗಾಲದಲ್ಲಿ ದಿನಕ್ಕೊಂದು ಗಂಟೆಯಾದರೂ ಕಂಪ್ಯೂಟರ್ ಹಾಕಿಡಿ, ಅದರ ಶಾಖವೇ ಥಂಡಿಯನ್ನು ದೂರವಿಡುತ್ತದೆ. ಗುಡುಗು ಬಂದಾಗ ಪ್ಲಗ್ ಕಿತ್ತರಷ್ಟೇ ಸಾಲದು, ಇಂಟರ್ನೆಟ್ಟಿನ ಲ್ಯಾನ್ ಕೇಬಲ್ಲನ್ನೂ ಕೀಳಿ. ಆ ದಾರಿಯಲ್ಲಿ ಸಿಡಿಲು ನುಗ್ಗಿ ಬೋರ್ಡ್ ಸುಟ್ಟದ್ದನ್ನು ನಾನು ಹಲವು ಬಾರಿ ನೋಡಿದ್ದೇನೆ.

ಯಾವುದು ಹೆಚ್ಚು ಬಿಸಿಯಾಗುತ್ತೆ?

2200ಜಿ ತುಸು ಹೆಚ್ಚು. ಕಂಪನಿಗಳು ಹೇಳುವ ಗರಿಷ್ಠ ಮಿತಿ ಜಿ4560ಕ್ಕೆ 100 ಡಿಗ್ರಿ ಸೆಲ್ಸಿಯಸ್, 2200ಜಿಗೆ 95. ಜೊತೆಗೆ ಬರುವ ಕೂಲರ್ ಎರಡಕ್ಕೂ ಸಾಕು, ಶುಚಿಯಾಗಿದ್ದರೆ. ಕೊಯ್ಲಿನ ಕಾಲ ಮುಗಿದ ಮೇಲೆ ಬರುವ ಪೆಟ್ಟಿಗೆಗಳಲ್ಲಿ ಅಡಿಕೆ ಸಿಪ್ಪೆಯ ನಾರು, ಒಲೆಯ ಹೊಗೆಯ ಜಿಡ್ಡು ಸೇರಿ ಕೂಲರಿನ ರೆಕ್ಕೆಗಳ ನಡುವೆ ಕಂದುಬಣ್ಣದ ಕಂಬಳಿಯನ್ನೇ ನೇಯ್ದಿರುತ್ತವೆ. ಚಿಮಟದಿಂದ ಅದನ್ನು ಒಂದೇ ತುಂಡಾಗಿ ಎತ್ತಿ ತೆಗೆಯಬಹುದು.

## ಸೆಕೆಂಡ್‌ಹ್ಯಾಂಡ್ ವ್ಯಾಪಾರ

ಪ್ರೊಸೆಸರ್ ಬಹಳ ಕಡಿಮೆಗೆ ಸಿಕ್ತಿದೆ. ಬೋರ್ಡ್ ಆಮೇಲೆ ನೋಡಿಕೊಂಡ್ರಾಯ್ತಲ್ಲ?

ಹೆಚ್ಚಿನವರು ಎಡವುವುದು ಇಲ್ಲಿಯೇ. ಹಳೆಯ ಪ್ರೊಸೆಸರ್‌ಗಳು ಸಾಯುವುದು ಅಪರೂಪ, ಬೋರ್ಡುಗಳು ಸಾಯುತ್ತಲೇ ಇರುತ್ತವೆ. ಹೀಗಾಗಿ ಚಿಪ್ ಅಗ್ಗವಾಗುತ್ತದೆ, ಅದಕ್ಕೆ ಹೊಂದುವ ಬೋರ್ಡ್ ದುಬಾರಿಯಾಗುತ್ತ ಹೋಗುತ್ತದೆ. ನೀವು ಕೊಳ್ಳುತ್ತಿರುವುದು ಬೋರ್ಡನ್ನು, ಪ್ರೊಸೆಸರ್ ಅದರ ಜೊತೆಗೆ ಬರುವ ವಸ್ತು ಎಂದೇ ಭಾವಿಸಿ ಬೆಲೆ ಕಟ್ಟಿ.

ಜಿ4560ರಲ್ಲಿ ಒಂದು ಗುಂಡಿ ಇದೆ. ಅದು ಕೂರುವ ಸಾಕೆಟ್ಟಿನ ಹೆಸರು ಎಲ್‌ಜಿಎ 1151. ಅದೇ ಹೆಸರಿನ ಸಾಕೆಟ್ ಎಚ್110, ಬಿ250 ಬೋರ್ಡುಗಳಲ್ಲಿಯೂ ಇದೆ, ಎಚ್310 ಬೋರ್ಡಿನಲ್ಲಿಯೂ ಇದೆ. ಚಿಪ್ ಎರಡರಲ್ಲಿಯೂ ಕೂರುತ್ತದೆ, ಆದರೆ ಎಚ್310 ಇರುವುದು ಅದರ ಮುಂದಿನ ತಲೆಮಾರಿಗೆ, ಹಾಗಾಗಿ ಅದರಲ್ಲಿ ನಡೆಯುವುದಿಲ್ಲ. ಒಮ್ಮೆ ಬೆಂಗಳೂರಿನ ಒಂದು ಅಂಗಡಿಗೆ ಫೋನ್ ಮಾಡಿ ‘ಪೆಂಟಿಯಂ 1151 ಬೋರ್ಡ್’ ಎಂದಷ್ಟೇ ಹೇಳಿ ತರಿಸಿದ್ದೆ. ರಾತ್ರಿ ಬಸ್ಸಿನ ಪಾರ್ಸೆಲ್ ಬೆಳಿಗ್ಗೆ ಬಿಚ್ಚಿದಾಗ ಒಳಗಿದ್ದದ್ದು ಎಚ್310. ಮಾರಿದ್ದನ್ನು ಅವರು ಹಿಂದಕ್ಕೆ ಪಡೆಯಲಿಲ್ಲ. ಅಂದಿನಿಂದ ನಾನು ಸಾಕೆಟ್ಟಿನ ಹೆಸರು ಹೇಳುವುದನ್ನು ಬಿಟ್ಟು ಚಿಪ್‌ಸೆಟ್ಟಿನ (ಎಚ್110ರಂತೆ ಬೋರ್ಡಿನ ಬಗೆಯನ್ನು ತಿಳಿಸುವ) ಹೆಸರನ್ನು ಬರೆದೇ ಕಳುಹಿಸುತ್ತೇನೆ.

ಇನ್ನೆರಡು ಸಂಗತಿಗಳನ್ನು ನೋಡಿ. ಕೆಲವು ಎಚ್110 ಬೋರ್ಡುಗಳು ಡಿಡಿಆರ್3 ರ‍್ಯಾಮಿನವು, ನಿಮ್ಮ ಡಿಡಿಆರ್4 ಅದರಲ್ಲಿ ಕೂರುವುದಿಲ್ಲ. ಕಚೇರಿಗಳಿಂದ ಹೊರಬಿದ್ದ ಬ್ರ್ಯಾಂಡೆಡ್ ಪೆಟ್ಟಿಗೆಗಳಲ್ಲಿ ಒಳಭಾಗಗಳಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್‌ನ ಕನೆಕ್ಟರ್ ಬೇರೆಯೇ ಇರುವುದುಂಟು, ಅದು ಸುಟ್ಟರೆ ಪೇಟೆಯ ಸಾಮಾನ್ಯ ಎಸ್‌ಎಂಪಿಎಸ್ ಹೊಂದುವುದಿಲ್ಲ.

ವಿಂಡೋಸ್ 11 ನಡೆಯುತ್ತಾ?

ಮೈಕ್ರೋಸಾಫ್ಟ್ ಪ್ರಕಟಿಸಿದ ಪಟ್ಟಿಯಲ್ಲಿ ಎರಡೂ ಇಲ್ಲ. ಇಂಟೆಲ್‌ನಲ್ಲಿ ಪಟ್ಟಿ ಬಹುಮಟ್ಟಿಗೆ ಎಂಟನೆಯ ತಲೆಮಾರಿನಿಂದ ಶುರುವಾಗುತ್ತದೆ, ಜಿ4560 ಏಳನೆಯದು. 2200ಜಿ ಹೆಸರಿನಲ್ಲಿ 2000ದ ಸಾಲಿನದಾದರೂ ಒಳಗಿರುವುದು ಮೊದಲ ತಲೆಮಾರಿನ ಝೆನ್ ವಿನ್ಯಾಸ, ಆದ್ದರಿಂದ ಅದನ್ನೂ ಕೈಬಿಟ್ಟಿದ್ದಾರೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರು ನೋಂದಾಯಿಸಿಕೊಂಡರೆ ಭದ್ರತೆಯ ಅಪ್‌ಡೇಟ್‌ಗಳು 2026ರ ಅಕ್ಟೋಬರ್ 13ರ ತನಕ ಎಂದು ಕಂಪನಿ ಹೇಳಿತ್ತು. ಅಡ್ಡದಾರಿಯಿಂದ 11 ಹಾಕಿದರೆ ಎರಡೂ ಓಡುತ್ತವೆ, ಆದರೆ ಮುಂದಿನ ಅಪ್‌ಡೇಟಿನ ಭರವಸೆ ಇರುವುದಿಲ್ಲ. ಬರೀ ಇಂಟರ್ನೆಟ್, ಪತ್ರ, ಪಾಠ ಸಾಕು ಎನ್ನುವವರಿಗೆ ನಾನು ಲಿನಕ್ಸ್ ಮಿಂಟ್ ಹಾಕಿಕೊಡುತ್ತೇನೆ. ಯೂನಿಕೋಡ್ ಕನ್ನಡ ಅದರಲ್ಲಿ ಸಲೀಸಾಗಿ ಮೂಡುತ್ತದೆ. ನುಡಿಯ ಹಳೆಯ ಫಾಂಟುಗಳಲ್ಲಿ ಡಿಟಿಪಿ ಮಾಡುವವರು ಮಾತ್ರ ವಿಂಡೋಸ್ ಬಿಡಲಾರರು.

ಇಂಟೆಲ್‌ನಲ್ಲಿ ಏನೋ ಭದ್ರತೆಯ ದೋಷ ಇತ್ತಂತಲ್ಲ?

2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ದೋಷಗಳ ಮಾತು ಅದು. ಮೆಲ್ಟ್‌ಡೌನ್ ಜಿ4560ಕ್ಕೆ ತಟ್ಟುತ್ತದೆ, ಎಎಂಡಿ ಪ್ರೊಸೆಸರ್‌ಗಳಿಗೆ ತಟ್ಟುವುದಿಲ್ಲ. ಸ್ಪೆಕ್ಟರ್ ಎರಡಕ್ಕೂ ಇದೆ. ವಿಂಡೋಸ್, ಲಿನಕ್ಸ್ ಎರಡರಲ್ಲಿಯೂ ತೇಪೆ ಹಾಕಿಯಾಗಿದೆ. ಆ ತೇಪೆಯಿಂದ ಇಂಟೆಲ್‌ನ ವೇಗ, ಮುಖ್ಯವಾಗಿ ಡಿಸ್ಕಿನ ಓದುಬರಹ ಹೆಚ್ಚಿರುವ ಕೆಲಸಗಳಲ್ಲಿ, ಸ್ವಲ್ಪ ಕುಗ್ಗಿತು. ಮನೆಯ ಬಳಕೆಯಲ್ಲಿ ಅದು ಗೊತ್ತಾಗುವಷ್ಟಿಲ್ಲ.

## ತಿಳಿದವರ ಪ್ರಶ್ನೆಗಳು

ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ಜಿ4560ರಲ್ಲಿ ಯಂತ್ರಕಲಿಕೆಯ ಟೆನ್ಸರ್‌ಫ್ಲೋ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ. ಏಕೆ?

ಅದರಲ್ಲಿ ಎವಿಎಕ್ಸ್ ಇಲ್ಲ. ಒಂದೇ ಆಜ್ಞೆಯಲ್ಲಿ ಹಲವು ಸಂಖ್ಯೆಗಳನ್ನು ಒಟ್ಟಿಗೆ ಗುಣಿಸಿ ಕೂಡಿಸುವ ಈ ಸವಲತ್ತನ್ನು ಇಂಟೆಲ್ ತನ್ನ ಕೋರ್ ಸಾಲಿನವುಗಳಿಗೆ ಕೊಟ್ಟು, ಅಂದಿನ ಪೆಂಟಿಯಂಗಳಲ್ಲಿ ಮುಚ್ಚಿಟ್ಟಿತ್ತು. ಟೆನ್ಸರ್‌ಫ್ಲೋ 1.6ರಿಂದ ಮುಂದಿನ ಸಿದ್ಧ ಆವೃತ್ತಿಗಳು, ಮೊಂಗೊಡಿಬಿ 5.0 ಮತ್ತು ನಂತರದವು ಎವಿಎಕ್ಸ್ ಇಲ್ಲದ ಕಡೆ ಓಡುವುದಿಲ್ಲ. ಕೆಲವು ಹೊಸ ಆಟಗಳೂ ಅಷ್ಟೇ. 2200ಜಿಯಲ್ಲಿ ಎವಿಎಕ್ಸ್2 ತನಕ ಎಲ್ಲವೂ ಇದೆ. ಪೆಂಟಿಯಂ ನಿಧಾನವಾದರೆ ಕಾದು ಕೂರಬಹುದು, ಇಲ್ಲಿ ಕಾದರೂ ಫಲವಿಲ್ಲ. ಕಂಪ್ಯೂಟರ್ ವಿಜ್ಞಾನ ಓದುವ ಮಕ್ಕಳಿಗೆ ಜಿ4560 ಬೇಡ ಎಂದು ನಾನು ಹೇಳುವುದು ಮುಖ್ಯವಾಗಿ ಈ ಒಂದು ಕಾರಣಕ್ಕೆ.

ಈಗಾಗಲೇ ಜಿ4560 ಇದೆ. ಮಾರಿ 2200ಜಿ ತಗೊಳ್ಳಲಾ?

ಬೇಡ. ಬೋರ್ಡನ್ನೂ ಬದಲಿಸಬೇಕಾಗುವುದರಿಂದ ಖರ್ಚಿಗೆ ತಕ್ಕ ಲಾಭ ಬರುವುದಿಲ್ಲ. ಅದೇ ಬೋರ್ಡಿಗೆ ಹಳೆಯ ಕೋರ್ ಐ5 6500 ಹುಡುಕಿ ಹಾಕಿ. ನಾಲ್ಕು ನಿಜವಾದ ಕೋರ್, 6 ಎಂಬಿ ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ), ಎವಿಎಕ್ಸ್2 ಎಲ್ಲವೂ ಅದರಲ್ಲಿದೆ. ಕಚೇರಿಯ ಪೆಟ್ಟಿಗೆಗಳಿಂದ ಕಳಚಿದ ಚಿಪ್‌ಗಳು ಪೇಟೆಯಲ್ಲಿ ಧಾರಾಳವಾಗಿ ಸಿಗುತ್ತವೆ. ಆ ಬೋರ್ಡಿನ ಏಣಿಯ ತುದಿ ಐ7 7700 ಮತ್ತು 7700ಕೆ, ಅಲ್ಲಿಂದ ಮುಂದಕ್ಕೆ ದಾರಿಯಿಲ್ಲ.

2200ಜಿಯ ಬೋರ್ಡಿನಲ್ಲಿ ಮುಂದೆ ಎಲ್ಲಿಯ ತನಕ ಹೋಗಬಹುದು?

ಬಹಳ ದೂರ. ಎಎಂ4 ಸಾಕೆಟ್ಟಿನ ಬೋರ್ಡಿಗೆ ಕಂಪನಿ ಹೊಸ ಬಯೋಸ್ ಕೊಟ್ಟಿದ್ದರೆ, 2022ರಲ್ಲಿ ಬಂದ ರೈಜೆನ್ 5 5600ನ್ನು ಕೂಡ ಅದರಲ್ಲಿಯೇ ಕೂರಿಸಬಹುದು, ಆರು ಕೋರ್, ಹನ್ನೆರಡು ಥ್ರೆಡ್. ಅದರಲ್ಲಿ ಗ್ರಾಫಿಕ್ಸ್ ಇಲ್ಲ ಎಂಬುದನ್ನು ಮರೆಯಬೇಡಿ. ಬೇರೆ ಕಾರ್ಡ್ ಇಲ್ಲದವರು 5600ಜಿ ನೋಡಬೇಕು. ಗ್ರಾಫಿಕ್ಸ್ ಕಾರ್ಡಿಗೆ 2200ಜಿ ಎಂಟು ಲೇನ್ (ಮಾಹಿತಿ ಸಾಗುವ ದಾರಿ) ಮಾತ್ರ ಕೊಡುತ್ತದೆ, ಜಿ4560 ಹದಿನಾರು ಕೊಡುತ್ತದೆ ಎಂದು ಕೆಲವರು ವಾದಿಸುತ್ತಾರೆ. ಮಾತು ನಿಜ, ಆದರೆ ಈ ದರ್ಜೆಯ ಪ್ರೊಸೆಸರಿಗೆ ಒಪ್ಪುವ ಕಾರ್ಡುಗಳಲ್ಲಿ ಅದರಿಂದಾಗುವ ನಷ್ಟ ಅತ್ಯಲ್ಪ.

ಓವರ್‌ಕ್ಲಾಕ್?

ಕಂಪನಿ ಗೊತ್ತುಮಾಡಿದ್ದಕ್ಕಿಂತ ಹೆಚ್ಚಿನ ವೇಗಕ್ಕೆ ಓಡಿಸುವುದು ಜಿ4560ರಲ್ಲಿ ಆಗದು. 2200ಜಿಯಲ್ಲಿ ಬಿ350, ಬಿ450 ಬೋರ್ಡ್ ಇದ್ದರೆ ಆಗುತ್ತದೆ, ಎ320ರಲ್ಲಿ ಆಗದು. ನನ್ನ ಕೈಯಿಂದ ಹೋದ ಯಾವ ಕಂಪ್ಯೂಟರಿಗೂ ಮಾಡಿಕೊಟ್ಟಿಲ್ಲ.

ಪೇಸ್ಟ್ ಬದಲಿಸಲು 2200ಜಿಯ ಕೂಲರ್ ಎತ್ತಿದೆ, ಪ್ರೊಸೆಸರ್ ಸಹಿತ ಕಿತ್ತು ಬಂತು. ಕಾಲುಗಳು ಬಾಗಿವೆ.

ಎಎಂ4ನಲ್ಲಿ ಕಾಲುಗಳಿರುವುದು ಪ್ರೊಸೆಸರಿನ ಹೊಟ್ಟೆಯ ಕೆಳಗೆ, ಒಟ್ಟು 1331. ಪ್ರೊಸೆಸರಿಗೂ ಕೂಲರಿಗೂ ನಡುವೆ ಶಾಖ ದಾಟಿಸಲು ಹಚ್ಚುವ ಪೇಸ್ಟ್ ವರ್ಷಗಟ್ಟಲೆ ಒಣಗಿ ಅಂಟಿನಂತೆ ಹಿಡಿದಿರುವುದರಿಂದ ನೇರವಾಗಿ ಎತ್ತಿದರೆ ಚಿಪ್ಪೂ ಮೇಲೇಳುತ್ತದೆ. ಮೊದಲು ಹತ್ತು ಹದಿನೈದು ನಿಮಿಷ ಕಂಪ್ಯೂಟರ್ ಓಡಿಸಿ ಪೇಸ್ಟನ್ನು ಬಿಸಿಮಾಡಿ, ಆಫ್ ಮಾಡಿ, ಸ್ಕ್ರೂ ಬಿಚ್ಚಿದ ಮೇಲೆ ಕೂಲರನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಚಿ ಸಡಿಲಿಸಬೇಕಿತ್ತು. ಈಗ ಬಾಗಿದ್ದನ್ನು ನೆಟ್ಟಗೆ ಮಾಡೋಣ. ಲೆಡ್ ಹಾಕಿ ಬರೆಯುವ ಪೆನ್ಸಿಲ್ಲಿನಿಂದ ಲೆಡ್ ತೆಗೆದು, ಅದರ ಟೊಳ್ಳು ಮೂತಿಯನ್ನು ಬಾಗಿದ ಕಾಲಿಗೆ ತೊಡಿಸಿ, ಒಮ್ಮೆಗೇ ಅಲ್ಲ, ಮೂರು ನಾಲ್ಕು ಸಲ ಚೂರು ಚೂರೇ ಎತ್ತಿ. ಬಳಿಕ ಸಾಲುಗಳ ನಡುವೆ ಹಳೆಯ ಎಟಿಎಂ ಕಾರ್ಡಿನ ಅಂಚನ್ನು ಎಳೆದು ನೋಡಿದರೆ ಎಲ್ಲಿ ತಡೆಯುತ್ತದೆಂದು ಕೈಗೆ ತಿಳಿಯುತ್ತದೆ. ಚಿಪ್ಪು ಒತ್ತಡವಿಲ್ಲದೆ ತಾನಾಗಿ ಸಾಕೆಟ್ಟಿಗೆ ಇಳಿಯಬೇಕು. ಜಿ4560ರಲ್ಲಿ ಈ ಕಾಟವಿಲ್ಲ, ಅದರ ಸೂಜಿಗಳು ಬೋರ್ಡಿನಲ್ಲಿವೆ. ಅವು ಬಾಗಿದರೆ ಇನ್ನೂ ಕಷ್ಟ.

ಬೋರ್ಡಿನ ಬಯೋಸ್ ಹಳೆಯದು, ಪ್ರೊಸೆಸರನ್ನು ಗುರುತಿಸುತ್ತಿಲ್ಲ. ನಾನೇ ಅಪ್‌ಡೇಟ್ ಮಾಡಬಹುದಾ?

ಮಾಡಬಹುದು, ಆದರೆ ಡಿಸ್ಪ್ಲೇ ಬರಲು ಆ ಬೋರ್ಡ್ ಈಗಾಗಲೇ ಬಲ್ಲ ಇನ್ನೊಂದು ಪ್ರೊಸೆಸರ್ ಬೇಕು. ಎಚ್110 ಬೋರ್ಡುಗಳು ಜಿ4560ಕ್ಕಿಂತ ಹಿಂದಿನವಾದ್ದರಿಂದ, ಮೊದಮೊದಲು ಬಂದವುಗಳಿಗೆ ಆರನೆಯ ತಲೆಮಾರಿನ ಚಿಪ್ ಹಾಕಿಯೇ ಬಯೋಸ್ ಏರಿಸಬೇಕು. ಮೊದಲ ಕಂತಿನ ಬಿ350, ಎ320 ಬೋರ್ಡುಗಳಿಗೂ 2200ಜಿಯ ಪರಿಚಯವಿಲ್ಲ. ಅವಕ್ಕೆ 2017ರ ರೈಜೆನ್ ಚಿಪ್ ಬೇಕು, ಅದರಲ್ಲಿ ಗ್ರಾಫಿಕ್ಸ್ ಇಲ್ಲವಾದ್ದರಿಂದ ಒಂದು ಕಾರ್ಡೂ ಬೇಕು. ಹೊಸ ಕಡತವನ್ನು ಬೋರ್ಡ್ ತಯಾರಿಸಿದ ಕಂಪನಿಯ ತಾಣದಿಂದಲೇ ಇಳಿಸಿ, ಬೋರ್ಡಿನ ಮೇಲೆ ಮುದ್ರಿಸಿರುವ ಮಾದರಿ ಮತ್ತು ಆವೃತ್ತಿಯ ಸಂಖ್ಯೆಯನ್ನು ಅಕ್ಷರ ಅಕ್ಷರವಾಗಿ ಹೋಲಿಸಿ, ಎಫ್‌ಎಟಿ32 ಮಾಡಿದ ಪೆನ್‌ಡ್ರೈವಿನಲ್ಲಿಟ್ಟು ಬಯೋಸ್‌ನೊಳಗಿಂದಲೇ ಏರಿಸಿ.

ಬರೆಯುವ ಆ ಮೂರು ನಾಲ್ಕು ನಿಮಿಷಗಳಲ್ಲಿ ಕರೆಂಟ್ ಹೋದರೆ ಬೋರ್ಡ್ ಕಲ್ಲಾಗುತ್ತದೆ. ನಮ್ಮ ಕಡೆ ಜುಲೈ ತಿಂಗಳಲ್ಲಿ ಮರ ಬಿದ್ದು ಲೈನ್ ಹೋಗುವುದಕ್ಕೆ ಮುನ್ಸೂಚನೆ ಏನೂ ಇರುವುದಿಲ್ಲ. ಆದ್ದರಿಂದ ನಾನು ಯುಪಿಎಸ್ ಬ್ಯಾಟರಿ ಹೊರೆ ಹೊರುತ್ತದೆಯೇ ಎಂದು ತಿಳಿಯಲು ಮೊದಲು ಅದರ ಪ್ಲಗ್ ಕಿತ್ತು, ಕಂಪ್ಯೂಟರನ್ನು ಐದು ನಿಮಿಷ ಬರೀ ಬ್ಯಾಟರಿಯ ಮೇಲೆ ಓಡಿಸಿ ನೋಡುತ್ತೇನೆ. ಅದು ತಡೆದುಕೊಂಡರೆ ಪ್ಲಗ್ ಮತ್ತೆ ಚುಚ್ಚಿ, ಆಮೇಲಷ್ಟೇ ಪೆನ್‌ಡ್ರೈವ್ ಹಾಕುತ್ತೇನೆ.